ನಮ್ಮ ಭಾವನ ಅಂಗಾಲಿನ ಯೋಗ

ನಮ್ಮ ಭಾವ ಕೋದಂಡರಾಮಯ್ಯ ತಮ್ಮ ಬಲಗಾಲಿನ ಅಂಗಾಲನ್ನು ಎಷ್ಟು ಜನಕ್ಕೆ ತೋರಿಸಿದ್ದಾರೋ ಅಷ್ಟು ಜನಕ್ಕೆ ಮುಖವನ್ನೂ ತೋರಿಸಿರಲಿಕ್ಕಿಲ್ಲ. ದೊಡ್ಡಬಳ್ಳಾಪುರದಲ್ಲಿ ನಮ್ಮ ಬೀದಿಯ ಯಾರನ್ನಾದರೂ ಕೇಳಿ. ಹಾಲಿನವನು, ನೂಲಿನ ವ್ಯಾಪಾರಿ, ಓಟು ಕೇಳಲು ಬಂದವರು, ಎಲ್ಲರೂ ಅದನ್ನು ನೋಡಿದವರೇ. ಮೂರು ವರ್ಷದ ಹಿಂದೆ ಆ ಅಂಗಾಲಿನಲ್ಲಿ, ಹಿಮ್ಮಡಿಗಿಂತ ಸ್ವಲ್ಪ ಮುಂದೆ, ಕಪ್ಪಗೆ ಒಂದು ಮಚ್ಚೆ ಕಾಣಿಸಿಕೊಂಡಿತು.

ಆಗ ಅವರಿಗೆ ಅರವತ್ತೊಂದು ವರ್ಷ. ಅದರಲ್ಲಿ ನಲವತ್ತನಾಲ್ಕು ವರ್ಷ ಮಗ್ಗದ ಮುಂದೆಯೇ ಕಳೆದಿತ್ತು. ಮೊದಲು ಅವರಪ್ಪನ ಕೈಮಗ್ಗ, ಆಮೇಲೆ ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ವಿದ್ಯುತ್ ಮಗ್ಗ. ಮಗ್ಗ ಬಿಟ್ಟು ಅವರು ಎಲ್ಲಿಗೂ ಹೋದವರಲ್ಲ. ಎರಡು ಸಲ ತಿರುಪತಿಗೆ ಹೋಗಿದ್ದರು, ಎರಡು ಸಲವೂ ದರ್ಶನ ಮುಗಿದ ಕೂಡಲೇ ‘ಅಲ್ಲಿ ಏನಾಗಿದೆಯೋ’ ಎಂದು ಬಸ್ಸು ಹತ್ತಿದ್ದರು. ಅವರು ನೇಯ್ದ ಸೀರೆ ಉಟ್ಟವರು ಸಿಂಗಾಪುರದಲ್ಲೂ ಇದ್ದಾರಂತೆ. ನೇಯ್ದವರು ಮಾತ್ರ ಕಡಲನ್ನೇ ಕಂಡಿರಲಿಲ್ಲ. ಅದೊಂದು ಆಸೆ ಅವರಿಗೆ ಬಹಳ ಇತ್ತು.

ಬೀದಿಯ ಮೂಲೆಯಲ್ಲಿ ಬೈರಪ್ಪನ ಟೀ ಅಂಗಡಿ. ಹಲ್ಲಿ ಬಿದ್ದರೆ ಏನು, ಕಣ್ಣು ಅದುರಿದರೆ ಏನು, ಮಚ್ಚೆ ಎಲ್ಲಿದ್ದರೆ ಏನು ಫಲ, ಎಲ್ಲ ಅವನಿಗೆ ಗೊತ್ತು. ಗೊತ್ತಿಲ್ಲದ್ದು ಟೀ ಮಾಡುವುದೊಂದೇ. ಭಾವ ಅವನ ಬೆಂಚಿನ ಮೇಲೆ ಕೂತು ಕಾಲೆತ್ತಿ ತೋರಿಸಿದಾಗ ಅವನು ಸೌಟು ಬಿಟ್ಟು ಓಡಿ ಬಂದ.

“ಕೋದಂಡಣ್ಣ! ಅಂಗಾಲಲ್ಲಿ ಮಚ್ಚೆ, ಅದೂ ಬಲಗಾಲು! ತಿರುಗಾಟ ಬರ್ದಿದೆ ಕಣಣ್ಣ ನಿಂಗೆ. ಕಡ್ಲು ದಾಟೋ ಯೋಗ!”

“ಈ ವಯಸ್ನಲ್ಲಾ?”

“ಯೋಗ ಏನು ಆಧಾರ್ ಕಾರ್ಡ್ ಕೇಳ್ಕೊಂಡು ಬರುತ್ತಾ?”

ಮರುದಿನವೇ ಭಾವ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರು. ವಿಚಾರಣೆಗೆ ಮನೆಗೆ ಬಂದ ಪೊಲೀಸಿನವರು “ಯಾವ ದೇಶಕ್ಕೆ ಹೋಗ್ತೀರಿ ಯಜಮಾನ್ರೇ?” ಎಂದು ಕೇಳಿದ್ದಕ್ಕೆ ಇವರು ಬಾಯಲ್ಲಿ ಉತ್ತರ ಕೊಡದೆ ಕಾಲನ್ನೇ ಎತ್ತಿ ತೋರಿಸಿದರು. ನಮ್ಮಕ್ಕ ಗಂಗಲಕ್ಷ್ಮಮ್ಮ ಅಡ್ಡ ಬಂದು ಕಾಫಿ ಕೊಡದೆ ಇದ್ದಿದ್ದರೆ ಅವತ್ತು ಬೇರೆಯೇ ಕೇಸು ಆಗುತ್ತಿತ್ತು.

ಮಚ್ಚೆ ಬೆಳೆಯಿತು. ಅದು ಬೆಳೆದಷ್ಟೂ ಭಾವನ ಖುಷಿಯೂ ಬೆಳೆಯಿತು. ಅಂಚು ಅಂಕುಡೊಂಕಾಗಿ, ಒಂದು ಕಡೆ ಕಡುಗಪ್ಪು, ಇನ್ನೊಂದು ಕಡೆ ಕಂದು ಬಣ್ಣವಾಗಿ ಹರಡತೊಡಗಿದಾಗ ಬೈರಪ್ಪ ಅದರಲ್ಲಿ ನಕ್ಷೆ ನೋಡಲು ಶುರುಮಾಡಿದ. ಯುಗಾದಿಯ ಹೊತ್ತಿಗೆ ಅದು ಶ್ರೀಲಂಕಾ ಆಗಿತ್ತು. ಗೌರಿಹಬ್ಬದ ಹೊತ್ತಿಗೆ ಆಸ್ಟ್ರೇಲಿಯಾ. “ಯೋಗ ದೂರ ಹೋಗ್ತಾ ಇದೆ ಕಣಣ್ಣ” ಎಂದ. ಅಕ್ಕನಿಗೆ ಮಾತ್ರ ಅದು ನೂಲಿನ ಬಣ್ಣ ಮೆತ್ತಿಕೊಂಡಿದ್ದು ಎಂದೇ ಅನುಮಾನ. ಒಂದು ದಿನ ಹಿಡಿದು ಕೂರಿಸಿ ತೆಂಗಿನ ನಾರಿನಿಂದ ಉಜ್ಜಿದಳು. ಬಣ್ಣ ಹೋಗಲಿಲ್ಲ, ರಕ್ತ ಬಂತು. ‘ಗಂಡನ ಯೋಗ ಕಂಡರೆ ಹೊಟ್ಟೆಯುರಿ’ ಎಂದು ಭಾವ ಎರಡು ದಿನ ಮಾತು ಬಿಟ್ಟರು.

ಈಗ ನನ್ನ ಮಗಳು ಗಾನವಿಯ ವಿಷಯ ಹೇಳಬೇಕು. ಅವಳು ದಿನವೂ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಒಂದು ಪ್ರಯೋಗಾಲಯದಲ್ಲಿ ಚರ್ಮದ ಕ್ಯಾನ್ಸರಿನ ಸಂಶೋಧನೆ ಮಾಡುತ್ತಾಳೆ. ಆ ಕಾಯಿಲೆಯ ಹೆಸರನ್ನು ನಾನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮಗಳಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ “ಚರ್ಮದ್ದು” ಅನ್ನುತ್ತಿದ್ದೆ. ಚಪ್ಪಲಿ ಕಂಪನಿ ಇರಬೇಕೆಂದು ಮೂರು ಜನ ಅವಳ ಹತ್ತಿರ ರಿಯಾಯಿತಿ ಕೇಳಿದ್ದಾರೆ.

ಒಂದು ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆವು. ಬೆಳಗ್ಗೆ ಹೋಗಿ ರಾತ್ರಿ ಬರುವ ಗಾನವಿ ಅಲ್ಲಿಗೆ ಬಂದು ಬಹಳ ತಿಂಗಳಾಗಿತ್ತು. ಅವಳು ಬಂದು ಕೂರುವುದೇ ತಡ, ಭಾವ ಎಂದಿನಂತೆ ಕಾಲೆತ್ತಿದರು. ಅವಳು ನಗಲಿಲ್ಲ. ಮೊಬೈಲಿನ ಟಾರ್ಚು ಹಾಕಿ ಬಗ್ಗಿ ನೋಡಿದಳು.

“ಎಷ್ಟು ದಿನ ಆಯ್ತು ಮಾವ ಇದು ಬಂದು?”

“ಒಂಬತ್ತು ತಿಂಗ್ಳು. ಮೊದ್ಲು ಶ್ರೀಲಂಕಾ ಇತ್ತು ಕಣಮ್ಮ.”

ಕೈ ತೊಳೆಯುವ ನೆಪದಲ್ಲಿ ಅವಳು ನನ್ನನ್ನು ಹಿತ್ತಿಲಿಗೆ ಕರೆದಳು. “ಅಪ್ಪಾ, ಅದು ಮಚ್ಚೆ ಅಲ್ಲ ಅನ್ಸುತ್ತೆ. ನಾನು ದಿನಾ ನೋಡೋ ಕಾಯ್ಲೆನೇ ಇರ್ಬೇಕು. ನಮ್ಮ ಜನಕ್ಕೆ ಅದು ಬಿಸಿಲು ಬೀಳದ ಕಡೆನೇ ಜಾಸ್ತಿ, ಅಂಗಾಲಲ್ಲಿ, ಉಗುರಿನ ಅಡಿ. ಬೇಗ ಕೊಯ್ದು ತೆಗೆಸ್ಲಿಲ್ಲ ಅಂದ್ರೆ ಮಾವ ಉಳಿಯಲ್ಲ” ಎಂದಳು.

ಒಳಗೆ ಭಾವ ಅಕ್ಕನಿಗೆ ಇನ್ನೊಂದು ಒಬ್ಬಟ್ಟು ಹಾಕಲು ಹೇಳುತ್ತಿದ್ದುದು ಕೇಳಿಸುತ್ತಿತ್ತು. ಮಗ್ಗದಲ್ಲಿ ಲಾಳಿ ಹಿಡಿಯುವುದನ್ನು ನನಗೆ ಕಲಿಸಿದವರು ಆ ಮನುಷ್ಯ.

ವಿಷಯ ಹೇಳಿದೆವು. ಭಾವ ಪೂರ್ತಿ ಕೇಳಿಸಿಕೊಂಡು, “ಕೊಯ್ಸಿದ್ರೆ ಯೋಗನೂ ಕೊಯ್ದಂಗೆ ಅಲ್ವೇನೋ? ಪಾಸ್‌ಪೋರ್ಟ್ ಬಂದು ವರ್ಷನೂ ಆಗಿಲ್ಲ” ಎಂದರು. ನೋವಿಲ್ಲ, ತುರಿಕೆಯಿಲ್ಲ, ಅದೆಂಥ ಕ್ಯಾನ್ಸರು ಎಂದೂ ವಾದಿಸಿದರು. ನಾನು ಕೂಗಾಡಿದೆ. ನನಗೆ ಸಿಟ್ಟು ಬೇಗ ಬರುತ್ತದೆ, ಹೆದರಿದಾಗ ಇನ್ನೂ ಬೇಗ. ಅಕ್ಕ ಅತ್ತಳು, ಒಂದು ಹೊತ್ತು ಊಟ ಬಿಟ್ಟಳು. ಬೈರಪ್ಪನಿಗೆ ನಾನು ಹೇಳಬಾರದ್ದನ್ನೆಲ್ಲ ಹೇಳಿದೆ. ಅವನು ಪಾಪ, ತಾನೇ ಬಂದು “ಅಣ್ಣ, ಮಚ್ಚೆ ಹೋದ್ರೂ ಫಲ ಉಳಿಯುತ್ತೆ” ಎಂದು ಹೊಸ ಶಾಸ್ತ್ರ ಹೇಳಿ ನೋಡಿದ. ಭಾವ ಜಗ್ಗಲಿಲ್ಲ. ಹೀಗೆ ಎರಡು ವಾರ ಕಳೆಯಿತು.

ಮುಂದಿನ ಭಾನುವಾರ ಗಾನವಿ ಲ್ಯಾಪ್‌ಟಾಪ್ ತಂದು ಭಾವನ ಮುಂದೆ ತೆರೆದಿಟ್ಟಳು. ಪರದೆಯ ತುಂಬ ಬಣ್ಣಬಣ್ಣದ ಒಂದು ಚಿತ್ರ. ಯಾರದೋ ಅಂಗಾಲಿನಿಂದ ತೆಗೆದ ಗೆಡ್ಡೆಯನ್ನು ತೆಳ್ಳಗೆ ಸೀಳಿ, ಬಣ್ಣ ಕೊಟ್ಟು, ಸೂಕ್ಷ್ಮದರ್ಶಕದಲ್ಲಿ ತೆಗೆದದ್ದು. ಕೆಂಪು ಗೆರೆಗಳು, ಹಸಿರು ಚುಕ್ಕಿಗಳು. ಭಾವ ಕನ್ನಡಕ ಹಾಕಿಕೊಂಡು ನೋಡಿ ಮುಖ ಸಿಂಡರಿಸಿದರು.

“ಯಾವ ಹಾಳಾದೋನಮ್ಮ ಇದನ್ನ ನೇಯ್ದಿದ್ದು? ಒಂದು ಎಳೆನೂ ನೆಟ್ಟಗಿಲ್ಲ.”

“ಅದು ರಕ್ತನಾಳ ಮಾವ. ಆ ಗೆಡ್ಡೆ ಇದೆಯಲ್ಲ, ಅದಕ್ಕೆ ಊಟ ಬೇಕು. ಅದಕ್ಕೇ ಪಕ್ಕದ ನಾಳಗಳಿಂದ ತಾನೇ ಲೈನ್ ಎಳ್ಕೊಂಡಿದೆ. ಅವಸರದ ಕೆಲ್ಸ, ಅದಕ್ಕೆ ಹಿಂಗೆ ಸೊಟ್ಟಸೊಟ್ಟ.”

ಭಾವ ಕನ್ನಡಕ ತೆಗೆದರು. “ಮೀಟ್ರು ಇಲ್ದೆ?”

“ಮೀಟ್ರು ಇಲ್ದೆ.”

ಇಲ್ಲಿ ಒಂದು ಹಳೆಯ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇಪ್ಪತ್ತೈದು ವರ್ಷದ ಹಿಂದೆ, ಎರಡನೇ ಮಗ್ಗ ಹಾಕಿದ ಹೊಸದರಲ್ಲಿ, ಭಾವ ಬೀದಿಯ ಕಂಬಕ್ಕೆ ಕೊಕ್ಕೆ ಹಾಕಿ ಕರೆಂಟು ಎಳೆದುಕೊಂಡಿದ್ದರು. ವಿದ್ಯುತ್ ಇಲಾಖೆಯಿಂದ ಚೆಕಿಂಗಿಗೆ ಬಂದವರನ್ನು ಜಗಲಿಯ ಮೇಲೆ ಕೂರಿಸಿ, ನೀವು ನಮ್ಮೋರೇ ಅಲ್ವಾ, ಯಾವೂರು, ಮಕ್ಕಳೆಷ್ಟು ಎಂದು ವಿಚಾರಿಸಿ, ಬಿಸಿ ಉಪ್ಪಿಟ್ಟು ಕೊಡುತ್ತಿದ್ದರು. ಅವರು ತಿಂದು ಮುಗಿಸುವಷ್ಟರಲ್ಲಿ ಅಕ್ಕ ಹಿತ್ತಿಲಿಂದ ಬಿದಿರುಕೋಲಿನಲ್ಲಿ ಕೊಕ್ಕೆ ತಪ್ಪಿಸಿರುತ್ತಿದ್ದಳು. ಒಂದು ವರ್ಷ ಒಬ್ಬನೂ ಶೆಡ್ಡಿನೊಳಗೆ ಕಾಲಿಡಲಿಲ್ಲ. ಭಾವ ಅದನ್ನು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಗಾನವಿ ಚಿಕ್ಕಂದಿನಿಂದ ಕೇಳಿ ಬೆಳೆದವಳು.

“ಈ ಹಸ್ರು ಚುಕ್ಕಿ?” ಎಂದು ಭಾವ ಕೇಳಿದರು.

“ಅವರು ಚೆಕಿಂಗ್‌ನೋರು ಮಾವ. ಮೈಯಲ್ಲಿ ಎಲ್ಲಿ ಕಳ್ಳ ಸೇರಿದ್ರೂ ಹಿಡಿಯೋ ಕಣಗಳು.”

“ಮತ್ತೆ ಎಲ್ಲ ಹೊರ್ಗಡೇನೇ ನಿಂತವ್ರಲ್ಲ?”

“ಒಂದು, ಒಳಗೆ ಬರೋಕೆ ದಾರಿ ಸರಿಯಿಲ್ಲ, ಈ ಸೊಟ್ಟ ನಾಳಗಳಿಂದ. ಇನ್ನೊಂದು, ಬಾಗಿಲಿಗೆ ಬಂದೋರಿಗೆ ಗೆಡ್ಡೆ ‘ನಾನೂ ನಿಮ್ಮೋನೇ’ ಅಂತ ಹೇಳಿ ಕೂರಿಸ್ಬಿಡುತ್ತೆ.”

ಅಡುಗೆಮನೆಯಿಂದ ಅಕ್ಕನ ದನಿ ಬಂತು. “ಉಪ್ಪಿಟ್ಟು ಕೊಟ್ಟು.”

ಭಾವ ಒಮ್ಮೆ ಪರದೆ ನೋಡಿದರು, ಒಮ್ಮೆ ತಮ್ಮ ಅಂಗಾಲು ನೋಡಿಕೊಂಡರು. ಒಂಬತ್ತು ತಿಂಗಳು ಎಣ್ಣೆ ಹಚ್ಚಿ ಸಾಕಿದ ಆಸ್ಟ್ರೇಲಿಯಾವನ್ನು ಮೊದಲ ಸಲ ಅನುಮಾನದಿಂದ ನೋಡಿದರು. ಅವರ ಮುಖ ಕೆಂಪಾಯಿತು.

“ಕಳ್ ನನ್ಮಗಂದು! ನನ್ ವಿದ್ಯೆನ ನನ್ ಮೇಲೇ ತೋರಿಸ್ತಾ? ಯಾವತ್ತು ಬರ್ಬೇಕಮ್ಮ ಆಸ್ಪತ್ರೆಗೆ?”

ಆ ವಾರವೇ ಪರೀಕ್ಷೆ, ಅದರ ಮುಂದಿನ ವಾರ ಆಪರೇಷನ್. ಗಾನವಿಯ ಅನುಮಾನ ನಿಜವಾಗಿತ್ತು. ಅಂಗಾಲಿನಲ್ಲಿ ಅಂಗೈಯಗಲ ತೆಗೆದು ತೊಡೆಯ ಚರ್ಮದಿಂದ ತೇಪೆ ಹಾಕಿದರು. ತೊಡೆಯ ಸಂದಿನ ಒಂದು ಗ್ರಂಥಿಗೂ ಅದು ಹೋಗಿತ್ತು. ಆ ಮಾತು ಕೇಳಿದ ದಿನ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದೇನೆ, ಮುಚ್ಚಿಡುವುದೇನಿದೆ.

ಆಮೇಲೆ ಒಂದು ವರ್ಷ, ಮೂರು ವಾರಕ್ಕೊಮ್ಮೆ, ರಕ್ತನಾಳದ ಮೂಲಕ ಔಷಧಿ. “ಇದು ಕಾಯ್ಲೆನ ತಾನೇ ಸಾಯ್ಸೋದಲ್ಲ ಮಾವ” ಎಂದು ಗಾನವಿ ಹೇಳಿದ್ದಳು. “ಚೆಕಿಂಗ್‌ನೋರಿಗೆ ಉಪ್ಪಿಟ್ಟು ತಿನ್ಬೇಡಿ, ಒಳಗೆ ನುಗ್ಗಿ ಅಂತ ಹೇಳೋದು ಅಷ್ಟೆ.” ಅವರು ನುಗ್ಗಿದರು. ನುಗ್ಗಿದ ರಭಸಕ್ಕೆ ಏನೂ ತಪ್ಪು ಮಾಡದ ಥೈರಾಯ್ಡಿನ ಮನೆಗೂ ಹೊಕ್ಕು ಕೆಡಿಸಿ ಬಂದರು. ಈಗ ಭಾವ ದಿನಾ ಬೆಳಗ್ಗೆ ಅದಕ್ಕೊಂದು ಮಾತ್ರೆ ನುಂಗುತ್ತಾರೆ. “ಪ್ರಾಮಾಣಿಕ ಅಧಿಕಾರಿಗಳು ಬಂದ್ರೆ ಇದೇ ತೊಂದ್ರೆ” ಎಂದು ಆಸ್ಪತ್ರೆಯ ವಾರ್ಡಿಗೆಲ್ಲ ಕೇಳುವಂತೆ ಹೇಳಿದ್ದರು.

ಬೈರಪ್ಪ ಆ ವರ್ಷವೆಲ್ಲ ತಲೆ ತಗ್ಗಿಸಿಕೊಂಡಿದ್ದ. ಈಗ ಅವನ ಅಂಗಡಿಯಲ್ಲಿ ಹೊಸ ಕಾನೂನು ಬಂದಿದೆ, ಭಾವ ಮಾಡಿದ್ದು. ಬೆಂಚಿನ ಮೇಲೆ ಕೂತವರು ಮೊದಲು ಚಪ್ಪಲಿ ಬಿಚ್ಚಿ ಅಂಗಾಲು ತೋರಿಸಬೇಕು, ಆಮೇಲೆ ಟೀ. ವ್ಯಾಪಾರ ಸ್ವಲ್ಪ ಕಡಿಮೆಯಾಗಿದೆ. ಆದರೆ ಅದಕ್ಕೆ ಟೀಯೂ ಕಾರಣವಿರಬಹುದು.

ಹೋದ ತಿಂಗಳು ಭಾವನನ್ನು ತಪಾಸಣೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಸ್ಕ್ಯಾನು ನೋಡಿ, ಎಲ್ಲೂ ಏನೂ ಕಾಣುತ್ತಿಲ್ಲ ಎಂದರು. ನಾನು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಆಮೇಲೆ ಅವರು ಒಂದು ಕಾಗದ ಮುಂದಿಟ್ಟರು. ಭಾವನ ಕಾಲಿನಿಂದ ತೆಗೆದ ಗೆಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿ ಇಟ್ಟಿದ್ದಾರೆ. ಅದರ ರಕ್ತನಾಳ, ಅದರೊಳಗೆ ಹೊಕ್ಕ ಕಣಗಳು ಎಲ್ಲವನ್ನೂ ಜರ್ಮನಿಯ ಒಂದು ಪ್ರಯೋಗಾಲಯ ನೋಡಬೇಕಂತೆ. ಕಳಿಸಲು ಒಪ್ಪಿಗೆ ಬೇಕು.

ಭಾವ ಕಾಗದವನ್ನು ಮೂರು ಸಲ ಓದಿದರು. “ಯಾವುದ್ರಲ್ಲಿ ಹೋಗುತ್ತೆ ಸಾರ್?”

“ವಿಮಾನದಲ್ಲಿ.”

“ನನ್ ಹೆಸ್ರು ಇರುತ್ತಾ?”

“ಇಲ್ಲ, ಬರೀ ನಂಬರ್.”

ಭಾವ ಸಹಿ ಹಾಕಿದರು.

ಮನೆಗೆ ಬಂದು ಬೀರುವಿನಿಂದ ಪಾಸ್‌ಪೋರ್ಟು ತೆಗೆದುಕೊಂಡು ಜಗಲಿಯ ಮೇಲೆ ಕೂತರು. ಸುದ್ದಿ ತಿಳಿದು ಬೈರಪ್ಪ ಓಡಿಬಂದ. “ಕಡ್ಲು ದಾಟೋ ಯೋಗ ಅಂತ ನಾನ್ ಹೇಳ್ಲಿಲ್ವಾ ಅಣ್ಣ! ಸುಳ್ಳಾಯ್ತಾ?”

“ಸುಳ್ಳಾಗ್ಲಿಲ್ಲ ಕಣೋ ಬೈರ” ಎಂದು ಭಾವ ಖಾಲಿ ಹಾಳೆಗಳನ್ನು ಒಂದೊಂದಾಗಿ ಮಗುಚಿದರು. “ಯೋಗ ಇದ್ದಿದ್ದು ಮಚ್ಚೆಗೆ. ಅದು ನನ್ನನ್ನೇ ಆಟೋ ಮಾಡ್ಕೊಂಡು ಆಸ್ಪತ್ರೆವರ್ಗೂ ಬಂದು, ಅಲ್ಲಿಂದ ವಿಮಾನ ಹತ್ತುತ್ತೆ. ಪಾಸ್‌ಪೋರ್ಟು ನಂದು, ಹೋಗೋದು ಅದು.”

ನಗುತ್ತಲೇ ಹೇಳಿದರು. ಆದರೆ ಕಡಲು ನೋಡುವ ಆಸೆ ಮಚ್ಚೆಯ ಜೊತೆ ಹೋಗಿರಲಿಲ್ಲ.

ಅಕ್ಕ ಕಾಫಿ ತಂದು ಅವರ ಕೈಗಿಟ್ಟು, ಪಾಸ್‌ಪೋರ್ಟನ್ನು ತಾನು ತೆಗೆದುಕೊಂಡಳು. “ಅದು ಹೋಯ್ತು ಅಂತ್ಲೇ ನೀವಿಲ್ಲಿ ಕೂತಿರೋದು. ಕುಡ್ದು ಏಳಿ, ಎರಡನೇ ಮಗ್ಗದಲ್ಲಿ ಎಳೆ ಕಿತ್ತಿದೆ. ಅದನ್ನ ಮುಗ್ಸಿ, ಮುಂದಿನ ವಾರ ಮಂಗಳೂರಿಗೆ ಹೋಗಣ. ಕಡ್ಲು ಈ ಕಡೆಯಿಂದ ನೋಡಿದ್ರೂ ಕಡ್ಲೇ.”