ಸಾಕ್ಷಿಗೆ ಇಟ್ಟ ಕಲ್ಲು

ಅಥವಾ ಮೊದಲ ನೋವು ಬಂದದ್ದು ಕನಕಪುರದ ಬಸ್ಸಿನಲ್ಲಿ ಅಲ್ಲವೇನೋ. ಇಷ್ಟು ದಿನ ಹಾಗೇ ಹೇಳುತ್ತಾ ಬಂದಿದ್ದೇನೆ: ಬಸ್ಸು ಹಂಪ್ ಹಾರಿತು, ಪಕ್ಕೆಯಿಂದ ತೊಡೆಸಂದಿಗೆ ಬೆಂಕಿ ಇಳಿಯಿತು, ಕಂಡಕ್ಟರ್ ನನ್ನನ್ನು ಹೆರಿಗೆಗೆ ಬಂದವಳಂತೆ ನೋಡಿದ. ಹೆಂಡತಿ ರತ್ನಮ್ಮ ಒಪ್ಪುವುದಿಲ್ಲ. "ಹಿಪ್ಪುನೇರಳೆ ತೋಟದಲ್ಲಿ ಬಿದ್ದು ಒದ್ದಾಡಿದ್ರಿ. ಬಸ್ಸು ಎಲ್ಲಿಂದ ಬಂತು?" ಇಬ್ಬರ ನೆನಪೂ ಸುಳ್ಳಿರಬಹುದು. ನೋವು ಮಾತ್ರ ನಿಜ.

ಕಿಡ್ನಿಯಲ್ಲಿ ಕಲ್ಲು.

ಐವತ್ತು ದಾಟಿದ ಮೇಲೆ ಶುರುವಾಯಿತು. ಒಂದು ತಾನೇ ಬಿತ್ತು. ಒಂದನ್ನು ಆಪರೇಷನ್ ಮಾಡಿ ತೆಗೆದರು. ಮತ್ತೆ ಬಂತು. ಆ ಹೊತ್ತಿಗೆ ಊರ ಪಕ್ಕ ಹೊಸ ಫ್ಯಾಕ್ಟರಿ ಎದ್ದಿತ್ತು, ನಮ್ಮ ಬೋರ್‌ವೆಲ್ ನೀರಿನ ರುಚಿ ಬದಲಾಗಿತ್ತು. ಎರಡೂ ಒಂದೇ ಕಾಲಕ್ಕೆ ಆದವೋ, ಫ್ಯಾಕ್ಟರಿ ವಿರುದ್ಧ ಹೋರಾಟ ಶುರುವಾದ ಮೇಲೆ ನಾನೇ ಹಾಗೆ ಜೋಡಿಸಿಕೊಂಡೆನೋ, ಹೇಳಲಾರೆ.

ಹೋರಾಟ ಸಮಿತಿಯ ಅಧ್ಯಕ್ಷ ಗೊಬ್ಬರದ ಅಂಗಡಿ ಚಿಕ್ಕಣ್ಣ, ನನ್ನ ಜೊತೆ ಓದಿದವನು. ಆಪರೇಷನ್ನಿನಲ್ಲಿ ತೆಗೆದ ನನ್ನ ಕಲ್ಲನ್ನು ಸಭೆಯಲ್ಲಿ ಎತ್ತಿ ಹಿಡಿದ. "ನೋಡ್ರಪ್ಪಾ, ಫ್ಯಾಕ್ಟರಿ ನಮ್ಗೆ ಕೊಟ್ಟ ಉದ್ಯೋಗ!" ಚಪ್ಪಾಳೆ. ನನಗೂ ಹೆಮ್ಮೆಯಾಯಿತು. ಅಂದಿನಿಂದ ಕಲ್ಲು ಅವನ ಅಂಗಡಿಯ ಗಾಜಿನ ಡಬ್ಬಿಯಲ್ಲಿತ್ತು.

ಮೂರನೇ ಸಲ ನೋವು ಬಂದಾಗ ರಾಮನಗರದಲ್ಲಿ ಹೊಸ ಡಾಕ್ಟರಮ್ಮ ಸ್ಕ್ಯಾನ್ ನೋಡಿದರು.

"ಎಡಗಡೆ ಕಿಡ್ನಿ ಕುಗ್ಗಿಹೋಗಿದೆ."

ಇನ್ನೊಂದನ್ನಾದರೂ ಉಳಿಸಿಕೊಳ್ಳಬೇಕು, ಕಲ್ಲು ಯಾವ ಜಾತಿಯದು ಗೊತ್ತಾಗದೆ ತಡೆಯುವುದು ಕಷ್ಟ ಎಂದರು. ತೆಗೆದ ಕಲ್ಲನ್ನು ಟೆಸ್ಟ್ ಮಾಡಿಸಿದ್ದೀರಾ ಎಂದು ಕೇಳಿದರು.

"ಇಲ್ಲ ಮೇಡಂ. ಅದು ಹೋರಾಟದಲ್ಲಿದೆ."

ಅವರು ಪೆನ್ನು ಕೆಳಗಿಟ್ಟರು.

ಅಂಗಡಿಗೆ ಹೋಗಿ ಕಲ್ಲು ವಾಪಸು ಕೇಳಿದರೆ ಚಿಕ್ಕಣ್ಣ ಡಬ್ಬಿಯನ್ನು ಎದೆಗೆ ಅವುಚಿಕೊಂಡ. "ಲೇ, ಸಾಹೇಬ್ರು ಬಂದ್ರೆ ಏನ್ಲಾ ತೋರ್ಸದು?"

"ನನ್ ಕಿಡ್ನಿ ತೋರ್ಸು."

"ಅದು ಒಳಗೈತೆ ಕಣ್ಲಾ!"

ಕೊನೆಗೆ ತಕ್ಕಡಿಯ ತೂಕದ ಬಟ್ಟಿನಿಂದ ಕುಟ್ಟಿ ಅರ್ಧ ಕೊಟ್ಟ. ದೊಡ್ಡ ಚೂರು ತಾನೇ ಇಟ್ಟುಕೊಂಡ.

ಕಲ್ಲಿನ ರಿಪೋರ್ಟ್ ಬಂತು. ಮೂತ್ರವನ್ನೂ ಪರೀಕ್ಷಿಸಿದರು. ಸಿಸ್ಟಿನೂರಿಯಾ. ಸಿಸ್ಟೀನ್ ಎಂಬ ವಸ್ತುವನ್ನು ಕಿಡ್ನಿ ವಾಪಸು ಎಳೆದುಕೊಳ್ಳಬೇಕು, ನನ್ನದು ಎಳೆದುಕೊಳ್ಳುವುದಿಲ್ಲ, ಅದೇ ಕಲ್ಲಾಗುತ್ತದೆ. ಡಾಕ್ಟರಮ್ಮ ಕೇಳಿದರು: "ತಂದೆ ತಾಯಿ ಸಂಬಂಧದಲ್ಲಿ ಮದುವೆಯಾದವರಾ?"

ಅವ್ವ ಅಪ್ಪನ ಅಕ್ಕನ ಮಗಳು. ನಮ್ಮಲ್ಲಿ ಅದು ಕೇಳುವ ವಿಷಯವೇ ಅಲ್ಲ. ಇಬ್ಬರೂ ಆರೋಗ್ಯವಾಗಿದ್ದು, ಇಬ್ಬರಲ್ಲೂ ಅಡಗಿದ್ದ ಒಂದೊಂದು ಕೆಟ್ಟ ಜೀನ್ ನನ್ನಲ್ಲಿ ಸೇರಿರಬೇಕು ಎಂದರು. ಒಡಹುಟ್ಟಿದವರನ್ನೂ ಕರೆತನ್ನಿ ಎಂದರು.

ಫ್ಯಾಕ್ಟರಿಯಲ್ಲ. ಅವ್ವ ಅಪ್ಪ.

"ಮೀಟಿಂಗಲ್ಲಿ ಬಾಯ್ಬುಡಬ್ಯಾಡ," ಎಂದ ಚಿಕ್ಕಣ್ಣ. ಬಿಟ್ಟೆ. ಈ ಕಲ್ಲು ನಮ್ಮ ಮನೆಯದು, ನೀರನ್ನು ಬೇರೆಯಾಗಿ ಪರೀಕ್ಷೆ ಮಾಡಿಸೋಣ ಎಂದೆ. ಯಾರೋ ಹಿಂದಿನಿಂದ, "ಕೂತ್ಕೊಳಣ್ಣ, ಫ್ಯಾಕ್ಟರಿ ಕಾಸು ತಿಂದೌನೆ ಅಂತಾರೆ," ಎಂದರು. ಕೂತೆ.

ನನಗಿರುವುದು ಒಬ್ಬಳೇ ಅಕ್ಕ, ಹೊಂಗನೂರಿನ ಜಯಮ್ಮ. ಅವಳಿಗೆ ಬೆನ್ನುನೋವು ಬಂದು ಎಷ್ಟೋ ವರ್ಷವಾಯಿತು; ಗ್ಯಾಸು ಎಂದು ಸೋಡಾ ಕುಡಿಯುತ್ತಿದ್ದಳು. ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಲೇ ನನ್ನ ಮಾತು ಕೇಳಿದಳು.

"ಅಂದ್ರೆ ಇದು ಅಪ್ಪನ ಕಡೆಯಿಂದ ಬಂದದ್ದಾ?"

"ಅವ್ವನ ಕಡೆಯಿಂದ್ಲೂ."

"ಗದ್ದೇಲಿ ಪಾಲು ಕೊಡ್ಲಿಲ್ಲ. ಇದ್ರಲ್ಲಿ ಮಾತ್ರ ಸಮಪಾಲು ಕೊಟ್ನಾ?"

ಗದ್ದೆ ನನ್ನ ಹೆಸರಿನಲ್ಲಿದೆ. ನಾನು ಹುಳಗಳನ್ನು ನೋಡುತ್ತಾ ನಿಂತೆ.

"ಒಸಿ ತಡಿ," ಎಂದು ಒಳಗೆ ಹೋಗಿ ಒಳ್ಳೆ ಸೀರೆ ಉಟ್ಟುಕೊಂಡು ಬಂದಳು. ಬಸ್ಸಿನಲ್ಲಿ ಹತ್ತಿರ ಕೂತವರಿಗೆಲ್ಲ, "ನನ್ ಆಸ್ತಿ ಬಿಡುಸ್ಕೊಳಕ್ಕೆ ಹೋಗ್ತಿವ್ನಿ," ಎಂದು ಹೇಳಿದಳು.

ಅವಳಿಗೂ ಇತ್ತು. ಆದರೆ ಎರಡೂ ಕಿಡ್ನಿ ಚೆನ್ನಾಗಿವೆ. ಅದನ್ನು ಕೇಳಿದಾಗ ನನ್ನ ರೋಗಕ್ಕೆ ಒಂದು ಉಪಯೋಗವಾಯಿತು ಅನ್ನಿಸಿತು. ಅಥವಾ ಈಗ ಬರೆಯುವಾಗ ಅನ್ನಿಸುತ್ತಿದೆ.

ಈಗ ಇಬ್ಬರೂ ಎಮ್ಮೆಗಳಂತೆ ನೀರು ಕುಡಿಯುತ್ತೇವೆ, ಹುಳಿ ಸಿರಪ್ಪು ನುಂಗುತ್ತೇವೆ, ಉಪ್ಪಿಲ್ಲದ ಬಸ್ಸಾರಿಗೆ ಬೈಯುತ್ತೇವೆ. ಹೊಸ ಕಲ್ಲು ಕಂಡಿಲ್ಲ. ಇಷ್ಟು ವರ್ಷ ಈ ರೋಗ ನನ್ನೊಳಗೆ ಏಕೆ ಸುಮ್ಮನಿತ್ತು ಎಂದು ಡಾಕ್ಟರಮ್ಮನನ್ನು ಕೇಳಿದೆ. ಕೆಲವರಲ್ಲಿ ತಡವಾಗಿ ಶುರುವಾಗುತ್ತದೆ, ಏಕೆಂದು ಗೊತ್ತಿಲ್ಲ ಎಂದರು. ಉಳಿದ ಕಿಡ್ನಿ ಎಷ್ಟು ಕಾಲ ಬಂದೀತು ಎಂದೂ ಕೇಳಿದೆ.

ಅದೂ ಗೊತ್ತಿಲ್ಲವಂತೆ. ನನಗೂ ಗೊತ್ತಿಲ್ಲ.