ಅತ್ತೆಯ ಕಾರಿನ ತಳಕ್ಕೆ ಮೂರು ಡಬ್ಬಿ

ನಮ್ಮ ಅತ್ತೆಯ ಕಾಲಲ್ಲಿ ಚಕ್ರ ಇದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅದು ಹೊಗಳಿಕೆಯಲ್ಲ. ಅಪ್ಪನ ಒಬ್ಬಳೇ ತಂಗಿ ಅವಳು. ವಯಸ್ಸು ಐವತ್ತೆಂಟು. ಮದುವೆಯ ಗೋಜಿಗೆ ಹೋಗದೆ ಹೊಲಿಗೆ ಯಂತ್ರಗಳನ್ನೇ ಕಟ್ಟಿಕೊಂಡಳು. ಸಮುದ್ರದ ದಂಡೆಯ ರಸ್ತೆಯುದ್ದಕ್ಕೂ ಎಲ್ಲಿ ಯಾರ ಯಂತ್ರ ಕೆಟ್ಟರೂ ಅಲ್ಲಿಗೇ ಹೋಗಿ ರಿಪೇರಿ ಮಾಡಿ ಬರುತ್ತಾಳೆ. ಅದಕ್ಕಾಗಿ ಒಂದು ಹಳೆಯ ನೀಲಿ ಕಾರು, ಹಿಂದಿನ ಸೀಟು ಕಿತ್ತ ಜಾಗದಲ್ಲಿ ಸಾಮಾನಿನ ಪೆಟ್ಟಿಗೆ, ಸೊಂಟಕ್ಕೆ ಸಿಕ್ಕಿಸಿಕೊಂಡ ಒಂದು ಎಣ್ಣೆಬಟ್ಟೆ. ಇಷ್ಟೇ ಅವಳ ಸಂಸಾರ.

ಅಪ್ಪನದು ನೂಲು, ಗುಂಡಿ, ಸೂಜಿಗಳ ಅಂಗಡಿ. ತಂಗಿ ಊರೂರು ಸುತ್ತುವುದನ್ನು ಬಿಟ್ಟು ಅಂಗಡಿಯ ಒಂದು ಮೂಲೆಯಲ್ಲಿ ಕೂತು ರಿಪೇರಿ ಮಾಡಲಿ ಎಂಬುದು ಅವನ ಹತ್ತು ವರ್ಷದ ಆಸೆ. ಗಲ್ಲಾದಲ್ಲಿ ಕೂರುವವಳು ನಾನು. ನನಗಂತೂ ಈ ಆಸೆ ಕೇಳಿದರೇ ಜ್ವರ ಬರುತ್ತಿತ್ತು. ಅತ್ತೆಯ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವಳು ಅಂಗಡಿಯಲ್ಲಿ ಕೂತರೆ ಮೂರು ದಿನದಲ್ಲಿ ಗಿರಾಕಿಗಳು ಊರು ಬಿಡುತ್ತಾರೆ, ನಾಲ್ಕನೇ ದಿನ ನಾನು ಬಿಡುತ್ತೇನೆ. ಅದಕ್ಕಿಂತ ಹೆಚ್ಚಾಗಿ, ಅವಳು ಒಂದೇ ಕಡೆ ಕೂತದ್ದನ್ನು ನೋಡಲು ನನಗೆ ಮನಸ್ಸಿರಲಿಲ್ಲ.

ಆದರೆ ಆ ವರ್ಷದ ವಾಹನ ತಪಾಸಣೆಯಲ್ಲಿ ಕಾರು ನಪಾಸಾಯಿತು. ಉಪ್ಪುನೀರಿನ ರಸ್ತೆ ತಳವನ್ನು ತಿಂದು ಹಾಕಿತ್ತು. ಪೆಡಲಿನ ಪಕ್ಕದ ತೂತಿನಲ್ಲಿ ರಸ್ತೆ ಕಾಣುತ್ತಿತ್ತು. ವೆಲ್ಡರ್ ಮೂರು ದಿನ ಕಾರಿನಡಿ ಮಲಗಿ ತೇಪೆ ಹಾಕಿದ, ತಪಾಸಣೆಯವರು ಒಂದು ವರ್ಷದ ಮಟ್ಟಿಗೆ ಒಪ್ಪಿದರು. ಹೊರಗೆ ಬಂದ ವೆಲ್ಡರ್ ಮುಖ ಒರೆಸಿಕೊಳ್ಳುತ್ತ ಅತ್ತೆಗೆ ಹೇಳಿದ: “ಅಕ್ಕಾ, ಇನ್ನೊಂದ್ಸಲ ತೂತು ಬಿದ್ರೆ ನನ್ನ ಹತ್ರ ತರ್ಬೇಡಿ. ಬೆಸುಗೆ ಹಿಡಿಯೋಕೆ ಅಲ್ಲಿ ತಗಡೇ ಉಳಿದಿಲ್ಲ.”

ಅಪ್ಪ ಕಾಯುತ್ತಿದ್ದದ್ದೇ ಇದಕ್ಕೆ. ಮುಂದಿನ ತಪಾಸಣೆಯಲ್ಲಿ ನಪಾಸಾದರೆ ಕಾರು ಗುಜರಿಗೆ, ತಂಗಿ ಅಂಗಡಿಗೆ ಎಂದು ಅವತ್ತೇ ಮಾತು ತೆಗೆದುಕೊಂಡ. ಅತ್ತೆ ಹಿಂದೆ ಮುಂದೆ ನೋಡದೆ ಒಪ್ಪಿದಳು. ಒಪ್ಪಿದ ಮೇಲೆ ಅವಳ ಮುಖ ಸಣ್ಣಗಾದದ್ದನ್ನು ನಾನು ನೋಡಿದೆ.

ಉಳಿದದ್ದು ಒಂದೇ ದಾರಿ. ತಳಕ್ಕೆ ತುಕ್ಕು ಹತ್ತದ ಹಾಗೆ ಒಳ್ಳೆಯ ಲೇಪ ಹಚ್ಚಬೇಕು, ಅದು ಮೊದಲ ಸಲವೇ ಸರಿಯಾಗಿರಬೇಕು. ಯಾವ ಲೇಪ ಎಂದು ಕೇಳಿದ್ದೇ ತಡ, ಊರೆಲ್ಲ ಪಂಡಿತರಾದರು. ವೆಲ್ಡರನದು ಡಾಂಬರಿನ ಪಕ್ಷ. ಬಸ್ಸುಗಳಿಗೆ ಅದನ್ನೇ ಬಳಿಯುತ್ತಾರಂತೆ. ಬಣ್ಣದಂಗಡಿಯವರು ರಬ್ಬರ್ ಲೇಪದ ಡಬ್ಬಿ ತಂದಿಟ್ಟು, ಇದನ್ನು ಹಚ್ಚಿದರೆ ಕಾರಿಗೆ ಆನೆಯ ಚರ್ಮ ಬಂದ ಹಾಗೆ ಎಂದರು. ಅತ್ತೆ ಮಾತ್ರ ಮೇಣದೆಣ್ಣೆಯ ಡಬ್ಬಿ ಹಿಡಿದು ಕೂತಳು. ನಲವತ್ತು ವರ್ಷ ಯಂತ್ರಗಳಿಗೆ ಎಣ್ಣೆ ಬಿಟ್ಟ ಕೈ ಅದು. ಕಬ್ಬಿಣಕ್ಕೆ ಎಣ್ಣೆಗಿಂತ ದೊಡ್ಡ ಬಂಧು ಇಲ್ಲ ಎಂಬುದು ಅವಳ ವಾದ. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು.

ಬಾಯಿಮಾತಿನಲ್ಲಿ ಇದು ತೀರುವಂಥದ್ದಲ್ಲ ಎಂದು ಪಂದ್ಯವನ್ನೇ ಇಟ್ಟೆವು. ವೆಲ್ಡರ್ ಒಂದೇ ತಗಡಿನಲ್ಲಿ ಮೂರು ಪಟ್ಟಿ ಕತ್ತರಿಸಿ, ಕಾರಿನ ತಳದಲ್ಲಿ ಇರುವ ಹಾಗೇ ಒಂದು ಅಂಚು ಮಡಿಸಿ ಕೊಟ್ಟ. ಅತ್ತೆ ಅವನ್ನು ಒರೆಸಿ, ಒಂದೊಂದಕ್ಕೆ ಒಂದೊಂದು ಲೇಪ ಹಚ್ಚಿ, ಒಣಗಿದ ಮೇಲೆ ದಪ್ಪ ಸೂಜಿಯಿಂದ ಗೀರು ಎಳೆದಳು, ರಸ್ತೆಯ ಕಲ್ಲು ಸುಮ್ಮನಿರುತ್ತದೆಯೇ ಎಂದು. ನಮ್ಮ ಹಿತ್ತಲಿನ ಬಟ್ಟೆ ಒಣಹಾಕುವ ತಂತಿಯಲ್ಲಿ ಮೂರೂ ನೇತಾಡಿದವು. ಬೆಳಿಗ್ಗೆ ಸಂಜೆ ಸಮುದ್ರದ ನೀರಿನ ಬಕೆಟ್ಟಿನಲ್ಲಿ ಅದ್ದಿ ತೆಗೆಯುವ ಕೆಲಸ ನನ್ನದು. ಮೊದಮೊದಲು ಗೊಣಗಿದೆ. ಹತ್ತು ದಿನ ಕಳೆಯುವಷ್ಟರಲ್ಲಿ ಎದ್ದ ಕೂಡಲೇ ಹಲ್ಲು ಕೂಡ ಉಜ್ಜದೆ ಹಿತ್ತಲಿಗೆ ಓಡುತ್ತಿದ್ದೆ. ಬಣ್ಣದಂಗಡಿಯವರು ದಿನಾ ಒಂದು ನೆಪ ಹುಡುಕಿಕೊಂಡು ಬಂದು ತಮ್ಮ ಪಟ್ಟಿಯನ್ನು ಮುಟ್ಟಿ ನೋಡಿ ಹೋಗುತ್ತಿದ್ದರು.

ಮೂವತ್ತನೇ ದಿನ ಎಲ್ಲರೂ ಸೇರಿದೆವು. ಡಾಂಬರು ಚಕ್ಕೆಚಕ್ಕೆಯಾಗಿ ಉದುರಿತು. ರಬ್ಬರಿನ ತುದಿಯನ್ನು ಅತ್ತೆ ಉಗುರಿನಿಂದ ಎತ್ತಿದರೆ ಬಾಳೆಹಣ್ಣಿನ ಸಿಪ್ಪೆಯಂತೆ ಪೂರ್ತಿ ಸುಲಿದು ಬಂತು, ಒಳಗೆ ಕೆಂಪು ತುಕ್ಕು. ಮೇಣದೆಣ್ಣೆಯ ಪಟ್ಟಿಗೆ ಗೀರಿನ ಹತ್ತಿರ ನಾಲ್ಕು ಚುಕ್ಕೆ ಬಿಟ್ಟರೆ ಏನೂ ಆಗಿರಲಿಲ್ಲ. ಅತ್ತೆಯ ಜಂಬವನ್ನು ಕೇಳಬೇಕೇ? ಒಂದು ವಾರ ಅವಳ ಕಾಲು ನೆಲದ ಮೇಲಿರಲಿಲ್ಲ. ಬಣ್ಣದಂಗಡಿಯವರು ಎದುರಿಗೆ ಬಂದರೆ ಆನೆ ಕ್ಷೇಮವೇ ಎಂದು ಕೇಳುತ್ತಿದ್ದಳು. ಪಾಪ, ಅವರು ರಸ್ತೆಯ ಆ ಬದಿಗೆ ದಾಟಿಬಿಡುತ್ತಿದ್ದರು.

ಲೇಪ ಹಚ್ಚುವ ದಿನ ವೆಲ್ಡರನ ಶೆಡ್ಡಿನಲ್ಲಿ ಕಾರನ್ನು ಎತ್ತಿ ದಿಮ್ಮಿಗಳ ಮೇಲೆ ನಿಲ್ಲಿಸಿದ್ದಾಯಿತು. ಅತ್ತೆ ಅಡಿಗೆ ಸರಿದು, ಅಭ್ಯಾಸದಂತೆ ಸೊಂಟದ ಬಟ್ಟೆ ತೆಗೆದು ತಳವನ್ನು ಒರೆಸತೊಡಗಿದಳು. ಬಗ್ಗಿ ನೋಡುತ್ತಿದ್ದ ವೆಲ್ಡರ್ ಆ ಬಟ್ಟೆಯ ಕಡೆ ಬೆರಳು ತೋರಿಸಿದ.

“ಅಕ್ಕಾ, ಆ ಪಟ್ಟಿಗಳನ್ನೂ ಇದೇ ಬಟ್ಟೇಲಿ ಒರೆಸಿದ್ರಾ?”

“ಮತ್ತೆ? ಒರೆಸದೆ ಹಚ್ತಾರೇನಯ್ಯ?”

ಹೇಳಿ ಮುಗಿಸುವ ಮೊದಲೇ ಅವಳಿಗೆ ಹೊಳೆಯಿತು. ನಲವತ್ತು ವರ್ಷದ ಎಣ್ಣೆ ಕುಡಿದ ಬಟ್ಟೆ ಅದು. ಅದರಿಂದ ಒರೆಸಿದ ತಗಡಿನ ಮೇಲೆ ಡಾಂಬರು ಹೇಗೆ ಕಚ್ಚಿಕೊಳ್ಳಬೇಕು, ರಬ್ಬರ್ ಹೇಗೆ ಅಂಟಬೇಕು? ಪಂದ್ಯ ಓಡುವ ಮೊದಲೇ ಉಳಿದಿಬ್ಬರ ಕಾಲು ಕಟ್ಟಿ, ತಾನು ಗೆದ್ದೆ ಎಂದು ಕುಣಿದಿದ್ದಳು. ಕಾರಿನಡಿಯಿಂದ ಹೊರಗೆ ಬಂದವಳು ಬಟ್ಟೆಯನ್ನು ನೆಲಕ್ಕೆ ಎಸೆದು ಹಾಗೇ ಕೂತಳು. ವೆಲ್ಡರ್ ನಗು ತಡೆಯಲಾರದೆ ಹೊರಗೆ ಹೋದ. ನನಗೂ ನಗು ಬಂತು, ನಗುವ ಧೈರ್ಯ ಬರಲಿಲ್ಲ.

ಅವತ್ತು ಅವಳು ಮಾಡಿದ ಕೆಲಸ ನಮ್ಮ ಮನೆತನದಲ್ಲೇ ಯಾರೂ ಮಾಡಿದ್ದಲ್ಲ. ನೇರವಾಗಿ ಬಣ್ಣದಂಗಡಿಗೆ ನಡೆದು, ನಾಲ್ಕು ಜನ ಗಿರಾಕಿಗಳ ಎದುರಿಗೆ ತಪ್ಪು ತನ್ನದು ಎಂದಳು. ಅವರು ಎಷ್ಟು ಖುಷಿಪಟ್ಟರೆಂದರೆ, ತಗಡಿನ ಜಿಡ್ಡು ತೊಳೆಯಲು ಥಿನ್ನರನ್ನು ತಾವೇ ಹೊತ್ತು ತಂದರು.

ಎರಡನೇ ಪಂದ್ಯ ಶುರುವಾಯಿತು. ಈ ಸಲ ಹೊಸ ಪಟ್ಟಿಗಳನ್ನು ತೊಳೆದವನು ವೆಲ್ಡರ್, ಅತ್ತೆಗೆ ಮುಟ್ಟಲೂ ಬಿಡಲಿಲ್ಲ. ಲೇಪವಿಲ್ಲದೆ ಉಪ್ಪಿನ ರಸ್ತೆಗೆ ಇಳಿಸುವಂತಿಲ್ಲವೆಂದು ಕಾರು ಇನ್ನೂ ಒಂದು ತಿಂಗಳು ದಿಮ್ಮಿಯ ಮೇಲೇ. ಭಾರದ ಪೆಟ್ಟಿಗೆ ಹೊತ್ತು ಬಸ್ಸು ಹತ್ತಿ ಇಳಿದು ಅವಳ ಭುಜ ಊದಿಕೊಂಡಿತ್ತು. ಅಂಗಡಿಯಲ್ಲಿ ಮೂಲೆ ಖಾಲಿ ಇದೆಯಮ್ಮಾ ಎಂದು ಅಪ್ಪ ರಾತ್ರಿ ಊಟಕ್ಕೆ ಕೂತಾಗಲೆಲ್ಲ ನೆನಪಿಸುತ್ತಿದ್ದ.

ಮತ್ತೆ ಮೂವತ್ತು ದಿನ, ಮತ್ತೆ ಹಿತ್ತಲು. ಡಾಂಬರು ಈ ಸಲ ಉದುರಲಿಲ್ಲ, ಆದರೆ ಬಿಸಿಲಿಗೆ ಸೀಳು ಬಿಟ್ಟಿತ್ತು. ವೆಲ್ಡರ್ ತನ್ನ ಡಬ್ಬಿಯ ಮುಚ್ಚಳ ತಾನೇ ಹಾಕಿದ. ರಬ್ಬರನ್ನು ಚಾಕುವಿನಿಂದ ಕೆರೆದರೂ ಬಿಡದು. ಗೀರಿನಲ್ಲಿ ನೂಲಿನೆಳೆಯಷ್ಟು ತುಕ್ಕು, ಅಷ್ಟೇ. ಬಣ್ಣದಂಗಡಿಯವರು ಎದೆಯುಬ್ಬಿಸಿ ನಿಂತಿದ್ದರು. ಆಗ ಅತ್ತೆ ಇಕ್ಕಳ ತಂದು ಅಂಚಿನ ಮಡಿಕೆಯನ್ನು ಬಿಚ್ಚಿದಳು. ಒಳಗಿನಿಂದ ಕಂದು ನೀರು ಜಿನುಗಿತು. ಆ ದಪ್ಪ ಲೇಪ ಮಡಿಕೆಯೊಳಗೆ ಇಳಿದೇ ಇರಲಿಲ್ಲ. ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು. ಮೇಣದೆಣ್ಣೆಯ ಮಡಿಕೆ ಬಿಚ್ಚಿದರೆ ತಗಡು ಹೊಸದರಂತೆ ಹೊಳೆಯುತ್ತಿತ್ತು. ಆದರೆ ಈ ಸಲ ಎಣ್ಣೆಬಟ್ಟೆಯ ಆಸರೆ ಇಲ್ಲದೆ ಮೇಲಿನ ಬಯಲು ಭಾಗದಲ್ಲಿ ಮೇಣ ತೊಳೆದುಹೋಗಿ ಅಲ್ಲಲ್ಲಿ ಕೆಂಪಾಗಿತ್ತು.

ಅತ್ತೆ ಎರಡು ಪಟ್ಟಿಗಳನ್ನೂ ಎರಡು ಕೈಯಲ್ಲಿ ಹಿಡಿದು ಒಂದು ನಿಮಿಷ ಅದನ್ನೊಮ್ಮೆ ಇದನ್ನೊಮ್ಮೆ ನೋಡಿದಳು.

“ಇಬ್ರೂ ಗೆದ್ವಿ ಕಣ್ರೀ,” ಎಂದಳು ಬಣ್ಣದಂಗಡಿಯವರಿಗೆ. “ಬಯಲಿಗೆಲ್ಲ ನಿಮ್ದು, ಸಂದಿಗೆಲ್ಲ ನಂದು.”

ನನಗೆ ಅಲ್ಲೇ ಕುಣಿಯುವಷ್ಟು ಸಂತೋಷವಾಯಿತು. ಮರುದಿನವೇ ಕೆಲಸ. ಮೊದಲು ವೆಲ್ಡರ್ ತಳವನ್ನೆಲ್ಲ ಥಿನ್ನರಿನಿಂದ ತೊಳೆದ. ನೀರು ಇಳಿದುಹೋಗುವ ಸಣ್ಣ ತೂತುಗಳು ಮುಚ್ಚಿಹೋಗಬಾರದೆಂದು ಅವಕ್ಕೆ ಕಡ್ಡಿ ಚುಚ್ಚಿ, ಬಣ್ಣದಂಗಡಿಯವರೇ ತಳಕ್ಕೂ ಚಕ್ರದ ಗೂಡುಗಳಿಗೂ ಎರಡು ಸಲ ರಬ್ಬರ್ ಬಳಿದರು. ಒಣಗಿದ ಮೇಲೆ ಕಡ್ಡಿ ಕಿತ್ತು, ಅತ್ತೆ ತನ್ನ ಉದ್ದ ಮೂತಿಯ ಎಣ್ಣೆಕ್ಯಾನಿನಿಂದ ಬಾಗಿಲಡಿಯ ಟೊಳ್ಳುಗಳಿಗೂ ಮಡಿಕೆಗಳಿಗೂ ಮೇಣದೆಣ್ಣೆ ಇಳಿಸಿದಳು. ಸಂಜೆ ಹೊರಗೆ ಬಂದಾಗ ಅವಳ ಮುಖದಲ್ಲಿ ಕಣ್ಣು, ಹಲ್ಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ವರ್ಷ ಹೇಗೆ ಹೋಯಿತೋ ಗೊತ್ತಾಗಲಿಲ್ಲ. ತಪಾಸಣೆಯ ದಿನ ಅಪ್ಪ ಮುಂದೆ, ನಾನು ಹಿಂದೆ ಸಾಮಾನಿನ ಪೆಟ್ಟಿಗೆಯ ಮೇಲೆ ಕೂತು ಇಬ್ಬರೂ ಅವಳ ಕಾರಿನಲ್ಲೇ ಹೋದೆವು. ಅಪ್ಪ ದಾರಿಯುದ್ದಕ್ಕೂ ಕನ್ನಡಕ ಒರೆಸಿ ಒರೆಸಿ, ಇಳಿಯುವಾಗ ಅದನ್ನು ಕಾರಿನಲ್ಲೇ ಬಿಟ್ಟ. ಕಾರನ್ನು ಮೇಲೆತ್ತಿದರು. ತಪಾಸಣೆಯವರು ಸಣ್ಣ ಸುತ್ತಿಗೆ ಹಿಡಿದು ಮುಂದಿನಿಂದ ಬಡಿಯುತ್ತ ಬಂದರು. ಗಟ್ಟಿ ತಗಡಿಗೆ ಠಣ್ ಎನ್ನುತ್ತದೆ, ಕೊಳೆತದ್ದಕ್ಕೆ ದೊಪ್ ಎನ್ನುತ್ತದೆ. ಠಣ್, ಠಣ್, ಠಣ್. ಅತ್ತೆ ನನ್ನ ಮಣಿಕಟ್ಟನ್ನು ಹಿಡಿದ ಹಿಡಿತಕ್ಕೆ ನನ್ನ ಬಳೆ ಒಳಗೆ ಒತ್ತುತ್ತಿತ್ತು. ಬಾಗಿಲಡಿಯ ನೀರಿಳಿಯುವ ತೂತಿನ ಹತ್ತಿರ ಸುತ್ತಿಗೆ ನಿಂತಿತು. ಅವರು ಬೆರಳು ಇಟ್ಟು ತೆಗೆದರು. ತುದಿಯಲ್ಲಿ ಕಂದು ನೀರಿನಂಥದ್ದು. ಅಪ್ಪ ಕಣ್ಣು ಮುಚ್ಚಿಕೊಂಡ. ಅವರು ಬೆರಳನ್ನು ಉಜ್ಜಿ ಮೂಸಿ ನೋಡಿದರು.

“ಮೇಣದೆಣ್ಣೆ,” ಎಂದರು. ಮತ್ತೆ ಬಡಿದರು. ಠಣ್.

ಪಾಸಾದ ಕಾಗದ ಅತ್ತೆಯ ಕೈಗೆ ಬಂತು. ಅವಳು ಅದನ್ನು ಮಡಚಿ ರವಿಕೆಯೊಳಗೆ ಸಿಕ್ಕಿಸಿ, ಕಾರು ಹತ್ತಿ, ಸ್ಟಾರ್ಟ್ ಮಾಡಿದಳು. ಗೇಟಿನ ಹತ್ತಿರ ತಿರುಗಿಸಿಕೊಂಡು ಬರುತ್ತಾಳೆ ಎಂದು ನಾವಿಬ್ಬರೂ ನಿಂತಿದ್ದೆವು. ಕಾರು ಗೇಟು ದಾಟಿತು, ಸಮುದ್ರದ ರಸ್ತೆಗೆ ಹೊರಳಿತು, ವೇಗ ಹೆಚ್ಚಿತು. ರಸ್ತೆಯ ಕೊನೆಯ ಊರಿನ ದರ್ಜಿಯವಳ ಯಂತ್ರ ಎರಡು ದಿನದಿಂದ ಕೆಟ್ಟು ಕೂತಿತ್ತು. ನಮ್ಮನ್ನು ಕರೆತಂದದ್ದೇ ಅವಳಿಗೆ ಮರೆತುಹೋಗಿತ್ತು.

ಅಪ್ಪ ಖಾಲಿ ರಸ್ತೆಯನ್ನು ನೋಡುತ್ತ ನಿಂತ. ಆಮೇಲೆ ನಕ್ಕ, ಅವನು ಹಾಗೆ ಕಣ್ಣಲ್ಲಿ ನೀರು ಬರುವಂತೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

“ಇವಳನ್ನ ತಂದು ಮೂಲೇಲಿ ಕೂರಿಸ್ತೀನಿ ಅಂತಿದ್ನಲ್ಲೇ ನಾನು.”

ಅವನ ಕನ್ನಡಕವೂ ಅತ್ತೆಯ ಕಾರಿನಲ್ಲೇ ಹೊರಟುಹೋಗಿತ್ತು. ಬಸ್ಸು ಬಂದಾಗ ಬೋರ್ಡನ್ನು ನಾನೇ ಓದಿ ಹೇಳಬೇಕಾಯಿತು.