ಪಾನ್ಯೊನ ನಾಲ್ಕು ಸ್ವರ

ನೆವೆನ ಮದುವೆಗಳಲ್ಲಿ ಬೇಸ್ ಗಿಟಾರ್ ನುಡಿಸುವವಳು. ಮಾರಿತ್ಸ ಹೊಳೆಯ ಬಯಲಿನ ಊರುಗಳಲ್ಲಿ ಅವಳ ಕೈಗೆ ಕುಣಿಯದವರಿಲ್ಲ, ಅವಳ ಮುಖ ನೆನಪಿಟ್ಟವರು ಮಾತ್ರ ಕಡಿಮೆ. ಮುಂದೆ ನಿಲ್ಲುವವನು ಕ್ಲಾರಿನೆಟ್ ಊದುವ ಅವಳ ಗಂಡ ರುಸ್ಕೊ. ವಧುವಿನ ಅಪ್ಪ ಉಗುಳು ಹಚ್ಚಿ ನೋಟು ಅಂಟಿಸುವುದು ಅವನ ಹಣೆಗೆ. ಬೇಸ್ ನುಡಿಯುತ್ತಿರುವಾಗ ಅದು ಯಾರ ಗಮನಕ್ಕೂ ಬರುವುದಿಲ್ಲ. ನಿಂತಾಗ ಮಾತ್ರ ಏನೋ ಕೈತಪ್ಪಿದಂತಾಗಿ ಕುಣಿಯುವವರ ಕಾಲು ತೊಡರುತ್ತದೆ. ಮನೆಗೆಲಸವೂ ಹಾಗೆಯೇ ಎಂದು ನೆವೆನಳಿಗೆ ಎಷ್ಟೋ ಸಲ ಅನ್ನಿಸಿದೆ, ಆದರೆ ಹೇಳಲು ಹೋಗಿಲ್ಲ.

ಅವಳೇನೂ ಆಸೆಪಟ್ಟು ಕಲಿತವಳಲ್ಲ. ತಂಡದ ಬೇಸ್‌ನವನು ಸ್ಪೇನಿಗೆ ಗಾರೆ ಕೆಲಸಕ್ಕೆ ಹೋಗಿಬಿಟ್ಟಾಗ ರುಸ್ಕೊ, "ನಾಲ್ಕೇ ತಂತಿ, ಕಲಿತ್ಕೋ" ಎಂದ. ಮಗಳು ಎಲಿತ್ಸ ಆಗ ತೊಟ್ಟಿಲಲ್ಲಿದ್ದಳು. ಕಾಲಲ್ಲಿ ತೊಟ್ಟಿಲು ತೂಗುತ್ತ, ಕೈಯಲ್ಲಿ ತಂತಿ ಮೀಟುತ್ತ, ಏಳು ಮಾತ್ರೆಯ ಕುಣಿತವನ್ನೂ ಹನ್ನೊಂದು ಮಾತ್ರೆಯದನ್ನೂ ಮೈಗೂಡಿಸಿಕೊಂಡಳು. ಈಗ ಬೆಳಗ್ಗೆ ಶಿಶುವಿಹಾರದ ಅಡುಗೆಮನೆಯಲ್ಲಿ ಸೂಪು ಮಾಡುತ್ತಾಳೆ. ಮಧ್ಯಾಹ್ನ ಮನೆಯ ಕೆಲಸ. ಮದುವೆಯ ದಿನ ಗಂಡನ ಅಂಗಿಗೆ ಇಸ್ತ್ರಿ ಹಾಕಿ, ಮಂಡಿ ನೋವಿನ ಅತ್ತೆಗೆ ಊಟ ಮುಚ್ಚಿಟ್ಟು ವ್ಯಾನ್ ಹತ್ತುತ್ತಾಳೆ. ಬಿಡುವಿನಲ್ಲಿ ಗಂಡಸರು ಸಿಗರೇಟು ಸೇದುತ್ತಾರೆ, ಇವಳು ವೈರು ಸುತ್ತುತ್ತಾಳೆ. ಆದರೂ ಒಂದು ಮಾತು ನಿಜ. ಏಳು ಮಾತ್ರೆ ಹತ್ತಿಕೊಂಡು, ಇನ್ನೂರು ಜನರ ಹಿಮ್ಮಡಿ ತನ್ನ ಬೆರಳಿನ ತುದಿಗೆ ಬಂದು ಕೂತಾಗ ಅವಳಿಗೆ ಸಿಗುವ ಸುಖವನ್ನು ಆ ಮನೆಯಲ್ಲಿ ಬೇರೆ ಯಾವುದೂ ಕೊಟ್ಟಿಲ್ಲ.

ಆ ಚಳಿಗಾಲ ರುಸ್ಕೊ ಅವಳ ಬೇಸನ್ನು ನೆಲಮಾಳಿಗೆಯಲ್ಲಿ ಉಪ್ಪಿನ ಕೋಸಿನ ಪೀಪಾಯಿಗೆ ಒರಗಿಸಿಟ್ಟು ಮರೆತ. ತೇವಕ್ಕೆ ಅದರ ಕತ್ತು ಹುರಿಗೊಂಡು ಬಾಗಿತು. ಈಸ್ಟರ್‌ವರೆಗೆ ಉಪವಾಸದ ಕಾಲ, ಮದುವೆಗಳಿಲ್ಲ. ಅದು ಮುಗಿದ ಕೂಡಲೇ ಒಂದರ ಹಿಂದೊಂದು. ಅಷ್ಟರೊಳಗೆ ಬೇರೆ ಬೇಸ್ ಬೇಕಿತ್ತು. ನೆವೆನ ಪ್ಲೊವ್ದಿವ್‌ಗೆ ಹೋಗಿ ಒಂದು ಹೊಸದನ್ನು ನೋಡಿ ಬಂದಳು. ಬಿಳಿ ಬಣ್ಣ, ಹಗುರ, ಹೆಗಲು ಜಗ್ಗದು. ನಾದ ಸ್ವಚ್ಛ, ಆದರೆ ಯಾರೂ ವಾಸಿಸದ ಮನೆಯಂತೆ ಬರಿದು. ಶನಿವಾರದವರೆಗೆ ಎತ್ತಿಡುತ್ತೇನೆಂದು ಅಂಗಡಿಯವನು ಹೇಳಿದ್ದ.

"ಅದಾ? ಬಟ್ಟೆ ಒಗೆಯೋ ಮಷೀನ್ ತಿರುಗಿದ ಹಾಗಿರುತ್ತೆ" ಎಂದ ರುಸ್ಕೊ. "ಪಾನ್ಯೊನದ್ದು ಕೇಳು. ಅದು ಬೇಸ್ ಅಂದ್ರೆ."

ಪಾನ್ಯೊ ತೀರಿಕೊಂಡು ಆಗ ಕೆಲವು ವಾರಗಳಾಗಿದ್ದವು. ಸುತ್ತಿನಲ್ಲೆಲ್ಲ ಅವನಂಥ ಬೇಸ್‌ನವನಿರಲಿಲ್ಲ. ಅವನ ವಾದ್ಯ ಅರವತ್ತರ ದಶಕದ್ದು, ಅಮೆರಿಕದಿಂದ ಬಂದದ್ದು. ಬುರ್ಗಾಸ್ ಬಂದರಿನಲ್ಲಿ ಒಬ್ಬ ನಾವಿಕನಿಂದ ಕದ್ದುಮುಚ್ಚಿ ಕೊಂಡಿದ್ದ. ಅವನದೊಂದು ಚಟವಿತ್ತು. ಮದುವೆಯ ನಡುವೆ ಬಾಯಾರಿದರೆ, ಹಸಿವಾದರೆ, ಕೆಳತಂತಿಯಿಂದ ಮೇಲಕ್ಕೆ ನಾಲ್ಕು ಸ್ವರ ಮೀಟುತ್ತಿದ್ದ, ಕೊನೆಯದನ್ನು ಸ್ವಲ್ಪ ಎಳೆದು. ಎಲ್ಲಿದ್ದರೂ ಅವನ ಹೆಂಡತಿ ಸ್ತೋಯ್ನ ತಟ್ಟೆಯೋ ರಾಕಿಯ ಎಂಬ ಹಣ್ಣಿನ ಸಾರಾಯಿಯ ಲೋಟವೋ ಹಿಡಿದು ಬಂದು ನಿಲ್ಲುತ್ತಿದ್ದಳು. ಜನ ನಗುತ್ತಿದ್ದರು. ನೆವೆನಳೂ ನಕ್ಕಿದ್ದಾಳೆ.

ಆ ಸ್ತೋಯ್ನಳೇ ಒಂದು ದಿನ ತರಕಾರಿ ತರುವ ಗಾಲಿಚೀಲಕ್ಕೆ ಬೇಸನ್ನು ಕಟ್ಟಿ, ಕಂಬಳಿ ಹೊದಿಸಿ, ಎಳೆದುಕೊಂಡು ಬಂದಳು.

"ನುಡಿಸಿ ನೋಡು, ಮಗಳೇ. ಈ ನಾಡಲ್ಲಿ ಬೇಸ್ ಹಿಡಿಯೋ ಹೆಣ್ಣು ನೀನೊಬ್ಬಳೇ. ಅವನು ಸತ್ತ ನಲವತ್ತನೇ ದಿನದ ತಿಥಿಗೆ ಕೊಡೋದು ಅಂತಿದ್ದೀನಿ."

ನೆವೆನ ಅಭ್ಯಾಸಬಲದಿಂದ ಬಾಯಿ ತೆರೆದಳು. ಸತ್ತವರ ವಸ್ತು ಕೈಗೆ ಬಂದಾಗ, ತೆಗೆದುಕೊಳ್ಳುವವರು 'ದೇವರು ಕ್ಷಮಿಸಲಿ' ಅನ್ನಬೇಕು. ಅಂದ ಮೇಲೆ ವಸ್ತು ಅವರದು, ಅಲ್ಲಿಯವರೆಗೆ ಸತ್ತವರದೇ.

ಸ್ತೋಯ್ನ ಅವಳ ಬಾಯಿಯ ಮೇಲೆ ಕೈ ಇಟ್ಟಳು. "ಈಗಲೇ ಅನ್ನಬೇಡ. ನುಡಿಸಿದ ಮೇಲೆ, ಬೇಕು ಅನ್ನಿಸಿದ್ರೆ, ಅವತ್ತು ಎಲ್ಲರ ಮುಂದೆ ಅನ್ನು."

ಒಂದು ಲೋಟ ನೀರೂ ಕುಡಿಯದೆ ಹೊರಟುಹೋದಳು. ಗಾಲಿಚೀಲವನ್ನೂ ಬಿಟ್ಟುಹೋದಳು.

ಕತ್ತಿನ ಮೆರುಗು ಸವೆದು ಮರ ಕಾಣುತ್ತಿತ್ತು. ನಾಲ್ಕು ಜಾಗಗಳಲ್ಲಿ ಮಾತ್ರ ಹಳೆಯ ಮನೆಯ ಮೆಟ್ಟಿಲಿನಂತೆ ಗುಳಿ ಬಿದ್ದಿತ್ತು. ತಂತಿಗಳು ಹಳೆಯವೇ ಆದರೂ ಹೊಳೆಯುತ್ತಿದ್ದವು. ಜಿಡ್ಡು ಹೋಗಲೆಂದು ಸ್ತೋಯ್ನ ಅವನ್ನು ಬಿಚ್ಚಿ, ಜ್ಯಾಮ್ ಕಾಯಿಸುವ ಪಾತ್ರೆಯಲ್ಲಿ ಕುದಿಸಿ, ಒರೆಸಿ, ಮತ್ತೆ ಕೊಡುತ್ತಿದ್ದಳು ಎಂಬುದು ಊರಿಗೆಲ್ಲ ಗೊತ್ತು. ನೆವೆನ ಮೊದಲ ಸ್ವರ ಮೀಟಿದಳು. ಕಿಟಕಿಯ ಗಾಜು ಸಣ್ಣಗೆ ಕಂಪಿಸಿತು. ಎದೆಯೊಳಗೆ ಯಾರೋ ಮೆಲ್ಲಗೆ ಹೆಜ್ಜೆಯಿಟ್ಟಂತಾಯಿತು. ಇಂಥ ನಾದ ತನ್ನ ಕೈಯಿಂದ ಹೊರಟೀತೆಂದು ಅವಳು ಎಣಿಸಿರಲಿಲ್ಲ. ಕಣ್ಣು ಒದ್ದೆಯಾಯಿತು.

"ನೋಡಿದ್ಯಾ?" ಎಂದ ರುಸ್ಕೊ ಬಾಗಿಲಲ್ಲಿ ನಿಂತು. "ಇದಿದ್ರೆ ಈ ವರ್ಷ ನಮ್ಮನ್ನ ಹಿಡಿಯೋರಿಲ್ಲ."

ಬೆರಳುಗಳು ತಾವಾಗಿ ಆ ಗುಳಿಗಳಿಗೆ ಜಾರಿದ್ದು ಆಮೇಲೆ. ಅವಳು ನುಡಿಸಲು ಹೊರಟದ್ದು ಬೇರೆ, ಬಂದದ್ದು ಆ ನಾಲ್ಕು ಸ್ವರ. ಒಲೆಯ ಪಕ್ಕ ಮಂಡಿಗೆ ಬಿಸಿ ಇಟ್ಟಿಗೆ ಇಟ್ಟುಕೊಂಡು ಕೂತಿದ್ದ ಅತ್ತೆ ಗಿನ್ಕ ಎದ್ದು ನಿಂತಳು. ಕೋಲು ಹಿಡಿಯಲಿಲ್ಲ. ನೆಟ್ಟಗೆ ನಡೆದು ತಟ್ಟೆ ತೆಗೆದು, ಬ್ರೆಡ್ಡು ಕೊಯ್ದು, ಬಿಳಿ ಚೀಸ್ ಇಟ್ಟು, ಮೇಜಿನ ಖಾಲಿ ಕುರ್ಚಿಯ ಮುಂದೆ ಇರಿಸಿದಳು.

"ಏನತ್ತೆ, ಹಸಿವಾಯ್ತಾ?"

ಗಿನ್ಕ ತಟ್ಟೆಯನ್ನು ನೋಡಿದಳು, ತನ್ನ ಕೈಯಲ್ಲಿದ್ದ ಚಾಕುವನ್ನು ನೋಡಿದಳು. "ನಂಗೇನು ಹಸಿವು? ಈಗ ತಾನೇ ತಿಂದೆ." ಅಷ್ಟರಲ್ಲಿ ಮಂಡಿ ನೆನಪಾಗಿ ನರಳುತ್ತ ಗೋಡೆ ಹಿಡಿದಳು. "ಯಾರೇ ನನ್ನ ಇಲ್ಲಿ ನಿಲ್ಲಿಸಿದ್ದು?"

ರುಸ್ಕೊ ನಕ್ಕ. "ಅಮ್ಮನ ಮಂಡಿಗೂ ಔಷಧಿ ಇದು." ಕುರ್ಚಿ ಎಳೆದುಕೊಂಡು ಆ ಬ್ರೆಡ್ಡು ತಿಂದ.

ನೆವೆನಳೂ ಮುದುಕಿಯ ಮರೆವು ಎಂದುಕೊಂಡಳು. ಮರುದಿನ ಏಳು ಮಾತ್ರೆ ನುಡಿಸುತ್ತಿದ್ದಾಗ ಮತ್ತೆ ಬೆರಳು ಜಾರಿತು, ಅತ್ತೆ ಮತ್ತೆ ಎದ್ದಳು. ಅದರ ಮರುದಿನ, ಬೇಲಿಯಾಚೆ ಬಟ್ಟೆ ಹರವುತ್ತಿದ್ದ ಪಕ್ಕದ ಮನೆಯವಳು ಒದ್ದೆ ಬಟ್ಟೆಯನ್ನು ಅಲ್ಲೇ ಹಾಕಿ ಒಳಗೆ ಹೋದದ್ದು ಕಿಟಕಿಯಿಂದ ಕಂಡಿತು. ಯಾವ ಗಂಡಸೂ ತಲೆ ಎತ್ತಲಿಲ್ಲ. ರುಸ್ಕೊನಿಗೆ ಅದು ಒಳ್ಳೆಯ ನಾದ, ಅಷ್ಟೆ. ನೆವೆನ ಜಾಗರೂಕಳಾಗಿ ಆ ಗುಳಿಗಳನ್ನು ದಾಟಿ ನುಡಿಸಲು ನೋಡಿದಳು. ಆದರೆ ಆ ನಾದದ ಸಿಹಿ ಇದ್ದದ್ದೇ ಅಲ್ಲಿ. ಬಿಟ್ಟು ಬಿಟ್ಟು ನುಡಿಸಿದರೆ ಕೈ ನೋಯುತ್ತಿತ್ತು; ಅಲ್ಲಿಗೆ ಹೋದರೆ ನೋವು ನಿಲ್ಲುತ್ತಿತ್ತು.

ಶುಕ್ರವಾರ ಸಂಜೆ ಎಲಿತ್ಸ ನೆಲದ ಮೇಲೆ ಬೋರಲು ಬಿದ್ದು ನಕ್ಷೆಗೆ ಬಣ್ಣ ತುಂಬುತ್ತಿದ್ದಳು. ಒಂಬತ್ತು ತುಂಬಿದ ಹುಡುಗಿ, ನೀರು ತಾ ಎಂದರೆ, "ಅಪ್ಪನ ಕಾಲಿಗೇನಾಗಿದೆ?" ಎಂದು ಕೇಳುವವಳು. ನಾಲ್ಕು ಸ್ವರ ಬಂತು. ಹುಡುಗಿ ಬಣ್ಣದ ಕಡ್ಡಿಯನ್ನು ಕೆಳಗಿಟ್ಟಳು. ಎದ್ದು, ಲಂಗವನ್ನು ಕೈಯಿಂದ ಸರಿಮಾಡಿ, ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿ ಅಡುಗೆಮನೆಗೆ ನಡೆದಳು. ಆ ನಡಿಗೆ ಅವಳದಲ್ಲ. ದಣಿದ, ಯಾರನ್ನೂ ಕೇಳದ, ಎಪ್ಪತ್ತರ ಹೆಂಗಸಿನ ನಡಿಗೆ.

ನೆವೆನ ಎರಡೂ ಅಂಗೈಯಿಂದ ತಂತಿಗಳನ್ನು ಅದುಮಿ ಹಿಡಿದಳು. ತಟ್ಟೆ ಹಿಡಿದು ಬಂದ ಎಲಿತ್ಸ ಅಮ್ಮನ ಮುಖ ನೋಡಿ, "ಯಾರಿಗಮ್ಮಾ ಇದು?" ಎಂದಳು.

ನೆವೆನ ಆಗಲೇ ಅಂಗಡಿಗೆ ಫೋನ್ ಮಾಡಿ ಬಿಳಿಯದು ತನಗೇ ಎಂದು ಹೇಳಿದಳು. ರುಸ್ಕೊ ಎರಡು ದಿನ ಮುನಿಸಿಕೊಂಡಿದ್ದ. ಮೂರನೆಯ ದಿನ, "ನೀನು ಬೇಡ ಅಂದ್ರೆ ನಾಳೆ ನಾನೇ ಕೈಚಾಚಿ ತಗೋತೀನಿ, ಮನೇಲಿರಲಿ" ಎಂದ. ಮರುದಿನವೇ ನಲವತ್ತನೆಯ ದಿನ. ನೆವೆನ ಬೇಸನ್ನು ಗಾಲಿಚೀಲಕ್ಕೆ ಕಟ್ಟಿ ಅಂದು ಮಧ್ಯಾಹ್ನವೇ ಸ್ತೋಯ್ನಳ ಮನೆಗೆ ಎಳೆದುಕೊಂಡು ಹೋದಳು.

ಗೇಟಿಗೆ ಪಾನ್ಯೊನ ಫೋಟೊ ಇರುವ ಸಾವಿನ ಚೀಟಿ ಅಂಟಿಸಿತ್ತು, ಮಳೆಗೆ ಒಂದು ಕಣ್ಣು ಕರಗಿತ್ತು. ಸ್ತೋಯ್ನ ನಾಳಿನ ತಿಥಿಯಲ್ಲಿ ಹಂಚಲು ಗೋಧಿ ಬೇಯಿಸುತ್ತಿದ್ದಳು. ಕೂತೇ ಬೇಯಿಸುತ್ತಿದ್ದಳು, ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ. ಸದಾ ಊದಿರುತ್ತಿದ್ದ ಕಾಲು ಇಳಿದಿತ್ತು. ಬೇಸ್ ಕಂಡದ್ದೇ ಅವಳ ಸೌಟು ಅಲ್ಲೇ ನಿಂತಿತು.

"ಯಾಕೆ ತಂದೆ?"

"ನಿಂಗೆ ಗೊತ್ತಿತ್ತಾ, ಚಿಕ್ಕಮ್ಮಾ?"

ಸ್ತೋಯ್ನ ಗೋಧಿ ತಿರುವಿದಳು. "ಅವನನ್ನ ಮಣ್ಣು ಮಾಡಿ ಬಂದ ದಿನ ಗೋಡೆ ಮೇಲೆ ತಾನೇ ಬಾರಿಸ್ತು. ಎದ್ದೆ, ತಟ್ಟೆ ಇಟ್ಟೆ. ದಿನಾ ಇಟ್ಟೆ. ನಿನ್ನ ಮನೆಗೆ ಬಿಟ್ಟು ಬಂದ ಮೇಲೆ ಕೂತೆ. ಮದುವೆಯಾದಾಗಿಂದ ಹಗಲು ಹೊತ್ತು ಹೀಗೆ ಕೂತಿರ್ಲಿಲ್ಲ, ಮಗಳೇ." ಸೌಟು ಕೆಳಗಿಟ್ಟಳು. "ನೀನು ನುಡಿಸೋಳಲ್ವಾ, ನಿನ್ನ ಮಾತು ಕೇಳುತ್ತೆ ಅನ್ಕೊಂಡೆ."

"ನನ್ನ ಎಲಿತ್ಸ ಎದ್ದಳು."

ಸ್ತೋಯ್ನ ಶಿಲುಬೆ ಗುರುತು ಹಾಕಿಕೊಂಡಳು. ಆಮೇಲೆ ಇಬ್ಬರೂ ಕೂತು ಯಾರಿಗೆ ಕೊಡಬಹುದೆಂದು ಯೋಚಿಸಿದರು. ಅಕಾರ್ಡಿಯನ್‌ನವನಿಗೆ ಹೆಂಡತಿ, ಇಬ್ಬರು ಅತ್ತಿಗೆಯರು. ಆಚೆ ಊರಿನ ತಂಡದವನಿಗೆ ತಾಯಿ. ಶಾಲೆಗೆ? ಅಲ್ಲಿ ಮೇಷ್ಟರಿಗಿಂತ ಟೀಚರಮ್ಮಂದಿರೇ ಜಾಸ್ತಿ.

"ಪಾದ್ರಿಗೆ?" ಎಂದಳು ನೆವೆನ.

"ಪಾದ್ರಿ ಹೆಂಡ್ತಿ ಈಗಲೇ ನಿಂತುಕೊಂಡೇ ಉಣ್ತಾಳೆ, ಪಾಪ."

ಹೆಂಗಸಿಲ್ಲದ ಮನೆ ಒಂದೂ ಸಿಗಲಿಲ್ಲ. ಇಲ್ಲೇ ಬಿಟ್ಟುಹೋದರೆ ಸ್ತೋಯ್ನಳ ಕಾಲು ಮತ್ತೆ ಊದುತ್ತದೆ. ಒಯ್ದರೆ ನಾಳೆ ರುಸ್ಕೊ ಆ ಮಾತು ಅಂದುಬಿಡುತ್ತಾನೆ. ನೆವೆನ ಕಂಬಳಿ ಬಿಚ್ಚಿದಳು.

"ನೀನು ಯಾವತ್ತಾದ್ರೂ ನುಡಿಸಿದ್ದೀಯಾ, ಚಿಕ್ಕಮ್ಮಾ?"

"ನಾನಾ? ಒರೆಸಿದ್ದೀನಿ, ಹೊತ್ತಿದ್ದೀನಿ, ತಂತಿ ಕುದಿಸಿದ್ದೀನಿ. ಮೀಟಿಲ್ಲ. ಅವನು ಬಿಡ್ತಿದ್ನಾ?"

"ಇನ್ನೂ ಯಾರೂ ಆ ಮಾತು ಅಂದಿಲ್ಲ. ಇವತ್ತಿಗೂ ಅವನದೇ. ನೀನೇ ಅಂದುಬಿಡು."

ಮನೆಯವರು ತಮ್ಮ ಸತ್ತವರ ವಸ್ತುವಿಗೆ ಆ ಮಾತು ಅನ್ನುವುದು ರೂಢಿಯಲ್ಲ. ಕೊಡುವ ಕೈ ಅವರದು, ತೆಗೆದುಕೊಳ್ಳುವ ಬಾಯಿ ಬೇರೆಯವರದು. ಸ್ತೋಯ್ನ ಒಳಕೋಣೆಯ ಮುಚ್ಚಿದ ಬಾಗಿಲ ಕಡೆ ನೋಡಿದಳು. ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಬೇಸನ್ನು ಮಡಿಲಿಗೆ ತೆಗೆದುಕೊಂಡಳು.

"ದೇವರು ಕ್ಷಮಿಸಲಿ ಅವನನ್ನ" ಎಂದಳು ಮೆಲ್ಲಗೆ. ಸ್ವಲ್ಪ ತಡೆದು, "ನಾನು ಕ್ಷಮಿಸೋದು ಆಮೇಲೆ ನೋಡೋಣ."

ಯಾರೂ ಕಲಿಸಬೇಕಾಗಿರಲಿಲ್ಲ. ಅವಳ ದಪ್ಪ ಬೆರಳುಗಳು ಗುಳಿಗಳಲ್ಲಿ ಸರಿಯಾಗಿ ಕೂತವು. ವೈರು ಸಿಕ್ಕಿಸಿರಲಿಲ್ಲ, ಆದರೂ ನಾಲ್ಕು ಸ್ವರ ಮೇಜಿನ ಹಲಗೆಯಲ್ಲಿ ಹರಿದು ಬಂತು. ನೆವೆನ ಎರಡೂ ಕಾಲನ್ನು ಕುರ್ಚಿಯ ಕಾಲಿಗೆ ಸುತ್ತಿ ಹಿಡಿದು ಕಾದಳು. ಕಾಲು ಅಲುಗಲಿಲ್ಲ. ಸ್ತೋಯ್ನಳೂ ಏಳಲಿಲ್ಲ.

ಒಳಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು.

ಆ ಮನೆಯಲ್ಲಿ ಇವರಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ಆಮೇಲೆ ಚಪ್ಪಲಿಯ ಸದ್ದು, ಎಡಗಾಲು ಎಳೆಯುವ ನಡಿಗೆ. ಪಾನ್ಯೊನ ಆ ನಡಿಗೆಯನ್ನು ನೆವೆನ ಎಷ್ಟೋ ಮದುವೆಗಳಲ್ಲಿ ಕೇಳಿದ್ದಳು. ಪಾತ್ರೆಯ ಬೀರುವಿನ ಒಂದು ಬಾಗಿಲು ತೆರೆಯಿತು, ಮುಚ್ಚಿತು. ಇನ್ನೊಂದು ತೆರೆಯಿತು, ಅದೂ ಮುಚ್ಚಿತು. ಚಮಚಗಳು ಕಲಕಿದವು. ಮತ್ತೆ ಮೊದಲಿನ ಬಾಗಿಲು.

"ತಟ್ಟೆ ಎಲ್ಲಿದೆ ಅಂತ ಗೊತ್ತಿಲ್ಲ ಅವನಿಗೆ" ಎಂದಳು ಸ್ತೋಯ್ನ.

"ಹೇಳ್ತೀಯಾ?"

ಸ್ತೋಯ್ನ ಕುರ್ಚಿಯ ಮೇಲಿನ ಕಾಲನ್ನು ಇನ್ನಷ್ಟು ಚಾಚಿದಳು. ಗೋಧಿ ತಳ ಹಿಡಿಯುವ ವಾಸನೆ ಬರುತ್ತಿತ್ತು.

"ಹುಡುಕಲಿ" ಎಂದು, ಮತ್ತೊಮ್ಮೆ ಮೀಟಿದಳು.